ಒಬುಸೆಯಲ್ಲಿ ಒಂದು ದಿನ: ಮೊದಲು ಹೊಕುಸಾಯ್, ಆಮೇಲೆ ಸಾಕೆ

ಜಪಾನ್‌ಗೆ ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ನನಗೆ ಸಾಕೆ, ಅಂದರೆ ಜಪಾನಿನ ಅಕ್ಕಿ ಮದ್ಯ, ರುಚಿ ನೋಡುವುದನ್ನು ಸರಿಯಾಗಿ ಕಲಿಯಬೇಕು. ಜೊತೆಗೆ ಬರುವವರಿಗೆ ಕುಡಿಯೋದರಲ್ಲಿ ಆಸಕ್ತಿ ಇಲ್ಲ, ಅವರಿಗೆ ಚಿತ್ರ, ದೇವಸ್ಥಾನ ಬೇಕು. ಎರಡೂ ಒಂದೇ ಊರಲ್ಲಿ, ಒಂದೇ ದಿನದಲ್ಲಿ ಸಿಗುತ್ತಾ?" ಸಿಗುತ್ತದೆ. ಊರಿನ ಹೆಸರು ಒಬುಸೆ. ಟೋಕಿಯೋದ ವಾಯವ್ಯಕ್ಕೆ, ಬೆಟ್ಟಗಳ ನಡುವೆ ಇರುವ ನಾಗಾನೊ ಪ್ರಾಂತ್ಯದಲ್ಲಿದೆ. ಇಡೀ ಪ್ರಾಂತ್ಯದಲ್ಲೇ ವಿಸ್ತೀರ್ಣದಲ್ಲಿ ಅತಿ ಚಿಕ್ಕ ಊರು ಇದು. ನೋಡಬೇಕಾದ್ದೆಲ್ಲ ನಡೆದೇ ಮುಗಿಸಬಹುದು.

ಸಾಕೆಗೆ ಕ್ಯೋಟೋದ ಫುಶಿಮಿ, ಹಿರೋಶಿಮಾ ಕಡೆಯ ಸೈಜೊ ಇನ್ನೂ ಹೆಸರುವಾಸಿ, ನಿಜ. ಆದರೂ ನಾನು ಒಬುಸೆಯನ್ನೇ ಹೇಳುವುದಕ್ಕೆ ಕಾರಣ ಇದೆ. ಇಲ್ಲಿ ಸಾಕೆ ಮತ್ತು ಚಿತ್ರ ಬೇರೆ ಬೇರೆ ಕಥೆಗಳಲ್ಲ. ತಕಾಯ್ ಕೋಜಾನ್ (1806–1883) ಎಂಬ ಶ್ರೀಮಂತ ವ್ಯಾಪಾರಿ ಇಲ್ಲಿದ್ದ. ಸಾಕೆ ಮಾಡುವುದು ಅವನ ಮನೆತನದ ಕಸುಬುಗಳಲ್ಲಿ ಒಂದು. ಓದಿದವನು, ತಾನೂ ಚಿತ್ರ ಬರೆಯುತ್ತಿದ್ದವನು. ಎದೋ, ಅಂದರೆ ಈಗಿನ ಟೋಕಿಯೋದಲ್ಲಿ ಸರ್ಕಾರ ಆಡಂಬರದ ಮೇಲೆ ಕಡಿವಾಣ ಹಾಕಿ, ಮುದ್ರಿತ ಚಿತ್ರಗಳ ಮೇಲೂ ಕಣ್ಣಿಟ್ಟಿದ್ದ ಕಾಲ ಅದು. ಆಗ ಕತ್ಸುಶಿಕಾ ಹೊಕುಸಾಯ್ (1760–1849) ಒಬುಸೆಗೆ ಬಂದ. 'ದೊಡ್ಡ ಅಲೆ' ಚಿತ್ರ ಬರೆದನಲ್ಲ, ಅವನೇ. 1842ರಲ್ಲಿ ಮೊದಲ ಸಲ ಬಂದಾಗ ಜಪಾನೀ ಲೆಕ್ಕದಲ್ಲಿ ವಯಸ್ಸು 83. ಎದೋದಿಂದ ಇಲ್ಲಿಗೆ ಸುಮಾರು 250 ಕಿಲೋಮೀಟರ್ ದಾರಿ. ಕೋಜಾನ್ ಅವನಿಗೆ ತನ್ನ ಮನೆಯಂಗಳದಲ್ಲೇ ಒಂದು ಪುಟ್ಟ ಚಿತ್ರಶಾಲೆ ಕಟ್ಟಿಸಿಕೊಟ್ಟ. ಊರಿನ ತೇರುಗಳಿಗೆ, ದೇವಸ್ಥಾನಕ್ಕೆ ಹೊಕುಸಾಯ್ ಚಿತ್ರ ಬರೆದಿದ್ದು ಹೀಗೆ.

ಇನ್ನು ದಿನವನ್ನು ಹೇಗೆ ಜೋಡಿಸಿಕೊಳ್ಳಬೇಕು ಅನ್ನುವುದನ್ನು ನೋಡೋಣ.

ಹಂತ 1: ಕಾಲ ನೋಡಿಕೊಳ್ಳಿ, ಬುಕಿಂಗ್ ಮಾಡಿಕೊಳ್ಳಿ

ಸಾಕೆ ಮಾಡುವುದು ಚಳಿಗಾಲದ ಕೆಲಸ. ಸುಮಾರಾಗಿ ಅಕ್ಟೋಬರ್–ನವೆಂಬರ್‌ನಲ್ಲಿ ಶುರುವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಹಾಗಾದರೆ ಚಳಿಗಾಲದಲ್ಲೇ ಹೋಗಬೇಕು ಅಂತ ನಿಮಗೆ ಅನಿಸಬಹುದು. ಆದರೆ ಕೆಲಸ ಜೋರಾಗಿ ನಡೆಯುವಾಗ ಒಳಗೆ ಹೊರಗಿನವರನ್ನು ಬಿಡುವುದು ಕಡಿಮೆ. ಹಿಮ ಬಿದ್ದರೆ ನಡಿಗೆಯೂ ಕಷ್ಟ. ಚಳಿಗಾಲದ ಲಾಭ ಒಂದೇ, ಆಗಷ್ಟೇ ಹಿಂಡಿದ ಹೊಸ ಸಾಕೆ ಸಿಗುತ್ತದೆ. ಅದನ್ನು 'ಶಿಬೊರಿತಾತೆ' ಅನ್ನುತ್ತಾರೆ.

ನನ್ನ ಕೇಳಿದರೆ ಎರಡು ಒಳ್ಳೆಯ ಕಾಲಗಳಿವೆ. ಒಂದು, ಏಪ್ರಿಲ್ ಮಧ್ಯದಿಂದ ಮೇ ತನಕ. ಚೆರಿ, ಆಮೇಲೆ ಸೇಬಿನ ಹೂವು. ಇನ್ನೊಂದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಒಬುಸೆ ಚೆಸ್ಟ್‌ನಟ್‌ಗೆ ಹೆಸರಾದ ಊರು. ಹೊಸ ಫಸಲು ಬರುವುದು ಆಗಲೇ. ಬೇಸಿಗೆ ಪೂರ್ತಿ ತೊಟ್ಟಿಯಲ್ಲಿ ಪಕ್ವವಾದ 'ಹಿಯಾಒರೊಶಿ' ಎಂಬ ಸಾಕೆಯೂ ಆಗಲೇ ಅಂಗಡಿಗೆ ಬರುತ್ತದೆ. ಆದರೆ ಶರತ್ಕಾಲದ ಶನಿವಾರ, ಭಾನುವಾರ ಬೇಡವೇ ಬೇಡ. ಹೊಸ ಚೆಸ್ಟ್‌ನಟ್ ಸಿಹಿಗೆ ಬೆಳಿಗ್ಗೆಯಿಂದಲೇ ಕ್ಯೂ ನಿಲ್ಲುತ್ತಾರೆ, ಊಟದ ಜಾಗಗಳೆಲ್ಲ ತುಂಬಿರುತ್ತವೆ. ವಾರದ ನಡುವೆ ಹೋಗಿ.

ಗೈಡ್ ಬೇಕಾ? ಜಪಾನೀ ಭಾಷೆ ಬಾರದಿದ್ದರೆ ಬೇಕು, ಅದೂ ಸಾಕೆಯ ಭಾಗಕ್ಕೆ. ಚಿತ್ರಗಳನ್ನು ನೀವೇ ಓದಿಕೊಂಡು ಹೋಗಿ ನೋಡಬಹುದು. ಆದರೆ ಕೌಂಟರ್ ಹಿಂದಿನವರು ಹೇಳುವುದು ಅರ್ಥವಾಗದಿದ್ದರೆ ರುಚಿ ನೋಡುವುದು ಸುಮ್ನೆ ಕುಡಿಯುವುದಾಗಿಬಿಡುತ್ತದೆ. ಗೈಡ್ ಹುಡುಕುವಾಗ ಎರಡು ಪದಗಳು ಗೊತ್ತಿರಲಿ. 'ತ್ಸೂಯಾಕು ಅನ್ನಾಯ್‌ಶಿ' ಅಂದರೆ ಸರ್ಕಾರಿ ಪರೀಕ್ಷೆ ಪಾಸಾದ ದುಭಾಷಿ ಗೈಡ್. 'ಕಿಕಿಸಾಕೆಶಿ' ಅಂದರೆ ಸಾಕೆ ಗುರುತಿಸಿ ಬಡಿಸುವುದರಲ್ಲಿ ತರಬೇತಿ ಪಡೆದವರು. 2018ರ ನಂತರ ಪರವಾನಗಿ ಇಲ್ಲದವರೂ ದುಡ್ಡು ತೆಗೆದುಕೊಂಡು ಗೈಡ್ ಕೆಲಸ ಮಾಡಬಹುದು. ಹಾಗಾಗಿ ಬುಕ್ ಮಾಡುವ ಮೊದಲು ನೇರವಾಗಿ ಕೇಳಿ: ಯಾವ ಯಾವ ಜಾಗ, ಎಷ್ಟು ಬಗೆ ಸಾಕೆ, ಸಾಕೆಯ ದುಡ್ಡು ಗೈಡ್ ಫೀಸಿನಲ್ಲೇ ಸೇರಿದೆಯಾ, ದೇವಸ್ಥಾನ, ಮ್ಯೂಸಿಯಂ ಟಿಕೆಟ್ ಬೇರೆಯಾ? ಸಾಕೆ ಕಾರ್ಖಾನೆಯ ಒಳಗೆ ಹೋಗುತ್ತೇವಾ, ಇಲ್ಲಾ ಅಂಗಡಿ ಕೌಂಟರ್ ತನಕ ಮಾತ್ರವಾ? ಈ ಕೊನೆಯ ಪ್ರಶ್ನೆ ಕೇಳದೆ ಬೇಸರ ಮಾಡಿಕೊಂಡವರು ಜಾಸ್ತಿ.

ಕುಡಿಯುವ ವಯಸ್ಸು ಜಪಾನ್‌ನಲ್ಲಿ 20. ಚಿಕ್ಕ ವಯಸ್ಸಿನವರಂತೆ ಕಾಣುವವರು ಪಾಸ್‌ಪೋರ್ಟ್ ಹತ್ತಿರ ಇಟ್ಟುಕೊಳ್ಳಿ. ವಿದೇಶಿ ಪ್ರವಾಸಿಗಳು ಹೇಗೂ ಅದನ್ನು ಯಾವಾಗಲೂ ಜೊತೆಯಲ್ಲಿ ಇಟ್ಟುಕೊಂಡಿರಲೇಬೇಕು.

ಹಂತ 2: ಊರು ತಲುಪುವುದು

ಟೋಕಿಯೋದಿಂದ ನಾಗಾನೊಗೆ ಹೊಕುರಿಕು ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲು. ಬೇಗ ಹೋಗುವ 'ಕಗಯಾಕಿ'ಯಲ್ಲಿ ಸುಮಾರು ಒಂದೂಕಾಲು–ಒಂದೂವರೆ ಗಂಟೆ. ಅದರಲ್ಲಿ ಎಲ್ಲ ಸೀಟೂ ರಿಸರ್ವೇಶನ್, ನೆನಪಿರಲಿ. ನಾಗಾನೊದಲ್ಲಿ ಇಳಿದು 'ನಾಗಾನೊ ದೆನ್‌ತೆತ್ಸು' ಎಂಬ ಬೇರೆ ಕಂಪನಿಯ ರೈಲು ಹಿಡಿಯಬೇಕು. ಎಲ್ಲರೂ ಚುಟುಕಾಗಿ 'ನಾಗದೆನ್' ಅನ್ನುತ್ತಾರೆ. ಇದರ ನಿಲ್ದಾಣ ನೆಲದಡಿಯಲ್ಲಿದೆ. ಜೆಆರ್ (ಜಪಾನ್ ರೈಲ್ವೇಸ್) ನಿಲ್ದಾಣದ ಜೆನ್‌ಕೋಜಿ ದೇವಸ್ಥಾನದ ಕಡೆಯ ಬಾಗಿಲಿನಿಂದ ಹೊರಬಂದು ಮೆಟ್ಟಿಲಿಳಿಯಿರಿ.

ಇಲ್ಲಿ ಎಡವುವವರು ಜಾಸ್ತಿ. ವಿದೇಶಿ ಪ್ರವಾಸಿಗಳು ಕೊಳ್ಳುವ ಜೆಆರ್ ಪಾಸ್ ನಾಗದೆನ್‌ನಲ್ಲಿ ನಡೆಯುವುದಿಲ್ಲ. ಬೇರೆ ಟಿಕೆಟ್ ತೆಗೆದುಕೊಳ್ಳಬೇಕು. ಕೈಯಲ್ಲಿ ನಗದು ಯೆನ್ ಇರಲಿ, ಇಡೀ ದಿನಕ್ಕೂ ಬೇಕಾಗುತ್ತದೆ. ಸಾಮಾನ್ಯ ರೈಲಿಗೆ ಒಬುಸೆ ತನಕ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಎಕ್ಸ್‌ಪ್ರೆಸ್‌ಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ ಇನ್ನೂ ಬೇಗ. 'ಯುಕೆಮುರಿ' ಎಂಬ ಎಕ್ಸ್‌ಪ್ರೆಸ್ ಸಿಕ್ಕರೆ ಬಿಡಬೇಡಿ. ಹಿಂದೆ ಟೋಕಿಯೋದ ಒದಾಕ್ಯೂ ಕಂಪನಿಯಲ್ಲಿ ಓಡಿದ್ದ ಹಳೇ ರೈಲು ಅದು. ಚಾಲಕ ಮೇಲಿನ ಮಹಡಿಯಲ್ಲಿ ಕೂರುತ್ತಾನೆ, ಮುಂದಿನ ಗಾಜಿನ ಸೀಟು ಪ್ರಯಾಣಿಕರಿಗೆ.

ದೊಡ್ಡ ಸೂಟ್‌ಕೇಸ್‌ಗಳನ್ನು ನಾಗಾನೊ ನಿಲ್ದಾಣದ ಲಾಕರ್‌ನಲ್ಲೇ ಇಟ್ಟು ಬನ್ನಿ.

ಬಾಡಿಗೆ ಕಾರು ಬೇಡ. ಕುಡಿದು ಓಡಿಸುವವರಿಗೆ ಮಾತ್ರ ಅಲ್ಲ, ಗೊತ್ತಿದ್ದೂ ಪಕ್ಕದಲ್ಲಿ ಕೂತು ಹೋದವರಿಗೂ ಕುಡಿಸಿದವರಿಗೂ ಜಪಾನ್‌ನಲ್ಲಿ ಶಿಕ್ಷೆ ಇದೆ. ಒಬುಸೆಯಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ, ಊರು ಸೈಕಲ್‌ಗೆ ಹೇಳಿಮಾಡಿಸಿದಂತೆಯೂ ಇದೆ. ಅದಕ್ಕೇ ಈ ಎಚ್ಚರಿಕೆ: 2024ರ ನವೆಂಬರ್‌ನಿಂದ ಸೈಕಲ್ ಮೇಲೂ ಕಾನೂನು ಬಿಗಿಯಾಗಿದೆ. ಉಸಿರಿನಲ್ಲಿ ಮಿತಿಗಿಂತ ಜಾಸ್ತಿ ಮದ್ಯ ಸಿಕ್ಕರೆ ಮೂರು ವರ್ಷದ ತನಕ ಜೈಲು ಅಥವಾ 5 ಲಕ್ಷ ಯೆನ್ ತನಕ ದಂಡ. ಸೈಕಲ್ ತೆಗೆದುಕೊಂಡರೆ ರುಚಿ ನೋಡುವ ಮೊದಲೇ ವಾಪಸ್ ಕೊಟ್ಟುಬಿಡಿ.

ಹಂತ 3: ಬೆಳಿಗ್ಗೆ ಮೊದಲು ಗನ್‌ಶೋಇನ್

ಸಾಮಾನ್ಯವಾಗಿ ಜನ ನಿಲ್ದಾಣದಿಂದ ನೇರ ಊರಿನ ನಡುವಿಗೆ ಹೋಗಿ, ಸಿಹಿ ತಿಂದು, ಸಾಕೆ ಕುಡಿದು, ಮೂರು ಗಂಟೆಗೆ "ದೇವಸ್ಥಾನ ಎಲ್ಲಿ?" ಅಂತ ಕೇಳುತ್ತಾರೆ. ಆ ಹೊತ್ತಿಗೆ ಎರಡು ಕಿಲೋಮೀಟರ್ ನಡೆಯುವ ಮನಸ್ಸೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ನೀವು ತಿರುಗುಮುರುಗು ಮಾಡಿ. ದೂರದ್ದು ಮೊದಲು.

ಗನ್‌ಶೋಇನ್ ಒಂದು ಜೆನ್ ದೇವಸ್ಥಾನ. ಕರಿತಾ ಬೆಟ್ಟದ ಬುಡದಲ್ಲಿದೆ. ಒಬುಸೆ ನಿಲ್ದಾಣದಿಂದ ಸುಮಾರು ಅರ್ಧ ಗಂಟೆ ನಡಿಗೆ, ಅರ್ಧ ದಾರಿ ಸೇಬು ಮತ್ತು ಚೆಸ್ಟ್‌ನಟ್ ತೋಟಗಳ ನಡುವೆ. ಇನ್ನೊಂದು ಉಪಾಯವಿದೆ. ಸಾಮಾನ್ಯ ರೈಲಿನಲ್ಲಿ ಬಂದಿದ್ದರೆ ಒಬುಸೆ ದಾಟಿ ಮುಂದಿನ ತ್ಸುಸುಮಿ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ದೇವಸ್ಥಾನ ಇನ್ನೂ ಹತ್ತಿರ. ನೋಡಿಕೊಂಡು ಒಬುಸೆ ಕಡೆಗೆ ಇಳಿದು ಬಂದರಾಯಿತು. ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುವುದಿಲ್ಲ. ನಡೆಯಲಾಗದವರಿಗೆ ಟ್ಯಾಕ್ಸಿ ಇದೆ, ಕೆಲವು ಕಾಲಗಳಲ್ಲಿ ಊರು ಸುತ್ತುವ ಬಸ್ಸೂ ಇದೆ. ನಿಲ್ದಾಣದ ಪ್ರವಾಸಿ ಕೌಂಟರ್‌ನಲ್ಲಿ ಕೇಳಿ.

ಒಳಗೆ ಹೋಗುವಾಗ ಚಪ್ಪಲಿ ಬಿಚ್ಚಬೇಕು. ಇದು ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಚಳಿಯಲ್ಲಿ ಆ ಮರದ ನೆಲ ಕೊರೆಯುತ್ತದೆ, ದಪ್ಪ ಕಾಲುಚೀಲ ಹಾಕಿಕೊಂಡಿರಿ. ಮುಖ್ಯ ಮಂಟಪದಲ್ಲಿ ಕೂತು ಮೇಲೆ ನೋಡಿ. ಚಾವಣಿ ತುಂಬ ಒಂದೇ ಹಕ್ಕಿ. ಅದು 'ಹೋಓ', ಚೀನಾ–ಜಪಾನ್ ಕಥೆಗಳ ಫೀನಿಕ್ಸ್. ಅಗಲ ಸುಮಾರು 6.3 ಮೀಟರ್, ಇನ್ನೊಂದು ಕಡೆ 5.5 ಮೀಟರ್. ತತಾಮಿ ಚಾಪೆಯ ಲೆಕ್ಕದಲ್ಲಿ 21 ಚಾಪೆ. ಹಿನೋಕಿ ಮರದ 12 ಹಲಗೆಗಳನ್ನು ನೆಲದ ಮೇಲೆ ಹಾಸಿ ಬಣ್ಣ ಹಚ್ಚಿ ಆಮೇಲೆ ಮೇಲಕ್ಕೇರಿಸಿದ್ದು. 1848ರಲ್ಲಿ ಮುಗಿಯಿತು. ಮರುವರ್ಷ ಹೊಕುಸಾಯ್ ತೀರಿಕೊಂಡ.

ಈ ಚಿತ್ರವನ್ನು ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಮೊದಲು ಕಣ್ಣು ಹುಡುಕಿ. ಚಿತ್ರದ ಹೆಸರಿನ ಅರ್ಥವೇ 'ಎಂಟು ದಿಕ್ಕಿಗೂ ದಿಟ್ಟಿಸುವ ಹಕ್ಕಿ' ಅಂತ. ಮೂಲೆಯಿಂದ ಮೂಲೆಗೆ ಜಾಗ ಬದಲಿಸಿ ನೋಡಿ, ಕಣ್ಣು ನಿಮ್ಮ ಬೆನ್ನು ಬಿಡುವುದಿಲ್ಲ. ಆಮೇಲೆ ಬಾಲದ ಗರಿಗಳ ನಡುವಿನ ಖಾಲಿ ಜಾಗ ನೋಡಿ. ತಲೆಕೆಳಗಾದ ಫುಜಿ ಬೆಟ್ಟದ ಆಕಾರ ಕಾಣುತ್ತದೆ ಅನ್ನುತ್ತಾರೆ. ಅಲ್ಲಿಯವರು ಇದನ್ನು 'ಅಡಗಿದ ಫುಜಿ' ಅನ್ನುತ್ತಾರೆ. ಚಿತ್ರಕಾರ ಬೇಕೆಂದೇ ಇಟ್ಟನೋ, ನೋಡುವವರ ಕಣ್ಣಿನ ಆಟವೋ, ನೀವೇ ತೀರ್ಮಾನಿಸಿ. ಕೆಂಪು, ಹಸಿರು ಇವತ್ತಿಗೂ ಗಾಢವಾಗಿರುವುದಕ್ಕೆ ಕಾರಣ ಕಲ್ಲಿನ ಪುಡಿಯಿಂದ ಮಾಡಿದ ಖನಿಜ ಬಣ್ಣ. ಹಿನ್ನೆಲೆಯಲ್ಲಿ ಮಿನುಗುವುದು ಉದುರಿಸಿದ ಚಿನ್ನದ ರೇಕಿನ ಪುಡಿ. ಕಣ್ಣು ಚುರುಕಾಗಿದ್ದರೆ ಹಲಗೆಯ ಮೇಲೆ ಬಣ್ಣದ ಬಟ್ಟಲು ಇಟ್ಟ ಗುರುತೂ ಸಿಗುತ್ತದೆ. ನೆಲದ ಮೇಲೆ ಹಾಸಿ ಕೆಲಸ ಮಾಡಿದ್ದರು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ತೊಂಬತ್ತರ ಹತ್ತಿರದ ಮುದುಕ ಇಷ್ಟೂ ಒಬ್ಬನೇ ಬರೆದನೇ ಅಂತ ನಿಮ್ಮ ಗೈಡ್‌ಗೆ ಕೇಳಿ. ವಿದ್ವಾಂಸರಲ್ಲಿ ಒಮ್ಮತ ಇಲ್ಲ. ವಿನ್ಯಾಸ ಹೊಕುಸಾಯ್‌ದು, ಬಣ್ಣ ಹಚ್ಚಿದ್ದರಲ್ಲಿ ಕೋಜಾನ್ ಮತ್ತಿತರರ ಕೈಯೂ ಇದೆ ಅನ್ನುವವರಿದ್ದಾರೆ. ಇದಕ್ಕೆ ಗೈಡ್ ಹೇಗೆ ಉತ್ತರಿಸುತ್ತಾರೆ ಅನ್ನುವುದರಲ್ಲಿ ಅವರ ತಯಾರಿ ಗೊತ್ತಾಗುತ್ತದೆ.

ಫೋಟೋ ತೆಗೆಯುವಂತಿಲ್ಲ. ಕದ್ದು ತೆಗೆಯಲು ಹೋಗಬೇಡಿ. ನೆಲದ ಮೇಲೆ ಮಲಗಿ ನೋಡುವುದೂ ಈಗ ಇಲ್ಲ. ಹಿಂಭಾಗದ ಕೊಳಕ್ಕೆ ಒಂದು ಸುತ್ತು ಹಾಕಿ. ಹೈಕು ಕವಿ ಕೊಬಯಾಶಿ ಇಸ್ಸ ಬಡಕಲು ಕಪ್ಪೆಯ ಪರ ನಿಂತು ಪದ್ಯ ಬರೆದದ್ದು ಈ ಕೊಳದ ಕಪ್ಪೆಗಳನ್ನು ನೋಡಿಯೇ ಅಂತ ಇಲ್ಲಿಯವರು ಹೇಳುತ್ತಾರೆ. ವಸಂತದಲ್ಲಿ ಇವತ್ತಿಗೂ ಕಪ್ಪೆಗಳು ಸೇರುತ್ತವೆ. ಧಾರ್ಮಿಕ ಕಾರ್ಯ ಇದ್ದ ದಿನ ಮಂಟಪದೊಳಗೆ ಬಿಡುವುದಿಲ್ಲ. ಹೊರಡುವ ಮೊದಲು ದೇವಸ್ಥಾನದ ವೆಬ್‌ಸೈಟ್ ನೋಡಿಕೊಳ್ಳಿ.

ಹಂತ 4: ಊರಿನ ನಡುವೆ, ಎರಡು ಮ್ಯೂಸಿಯಂ

ಹೊಕುಸಾಯ್‌ಕಾನ್ ಮ್ಯೂಸಿಯಂ 1976ರಲ್ಲಿ ಶುರುವಾಯಿತು. ಒಂದು ನಿರೀಕ್ಷೆ ಇಲ್ಲೇ ಬಿಟ್ಟು ಹೋಗಿ: 'ದೊಡ್ಡ ಅಲೆ' ನೋಡುವ ಜಾಗ ಇದಲ್ಲ. ಅದು ಮರದ ಅಚ್ಚಿನಿಂದ ಮುದ್ರಿಸಿದ ಚಿತ್ರ, ಪ್ರತಿಗಳು ಪ್ರಪಂಚದ ಹಲವು ಮ್ಯೂಸಿಯಂಗಳಲ್ಲಿವೆ. ಇಲ್ಲಿಯ ಹೆಮ್ಮೆ 'ನಿಕುಹಿತ್ಸುಗಾ', ಅಂದರೆ ಚಿತ್ರಕಾರ ಕೈಯಾರೆ ಕುಂಚದಿಂದ ಬರೆದ ಚಿತ್ರಗಳು. ಪ್ರದರ್ಶನ ಆಗಾಗ ಬದಲಾಗುತ್ತದೆ.

ಸಮಯ ಕಡಿಮೆ ಇದ್ದರೆ ನೇರ ತೇರಿನ ಕೋಣೆಗೆ ಹೋಗಿ. ಹಬ್ಬದಲ್ಲಿ ಎಳೆಯುತ್ತಿದ್ದ ಎರಡು ತೇರುಗಳಿವೆ. ಒಂದರ ಚಾವಣಿಗೆ ಡ್ರ್ಯಾಗನ್ ಮತ್ತು ಫೀನಿಕ್ಸ್, ಇನ್ನೊಂದರದಕ್ಕೆ 'ಗಂಡು ಅಲೆ', 'ಹೆಣ್ಣು ಅಲೆ'. 1844–45ರ ಕೆಲಸ. ಇಲ್ಲಿ ಅಲೆಗಳಿಗೆ ದೋಣಿಯೂ ಇಲ್ಲ, ಬೆಟ್ಟವೂ ಇಲ್ಲ. ನೀರು ಸುಳಿಯಾಗಿ ಒಳಕ್ಕೆ ಎಳೆಯುತ್ತದೆ ಅಷ್ಟೇ. ನನಗೆ ಮುದ್ರಿತ ಅಲೆಗಿಂತ ಇವೇ ಹೆಚ್ಚು ಇಷ್ಟ. ಅಂಚಿನ ಚೌಕಟ್ಟನ್ನೂ ಬಿಡಬೇಡಿ: ಹೂವು, ಪ್ರಾಣಿ, ಹಕ್ಕಿಗಳ ನಡುವೆ ರೆಕ್ಕೆ ಇರುವ, ಯುರೋಪಿನ ದೇವದೂತನಂಥ ಒಂದು ಆಕೃತಿ ಇದೆ. ಕ್ರೈಸ್ತ ಧರ್ಮಕ್ಕೆ ನಿಷೇಧ ಇದ್ದ ಕಾಲದಲ್ಲಿ, ಬೆಟ್ಟದ ಊರಿನ ತೇರಿನ ಮೇಲೆ! ಎಲ್ಲಿಂದ ನೋಡಿ ಬರೆದಿರಬಹುದು ಅಂತ ಗೈಡ್‌ಗೆ ಕೇಳಿ.

ಅಲ್ಲಿಂದ 'ಕುರಿ ನೊ ಕೊಮಿಚಿ' ಎಂಬ ಓಣಿ ಹಿಡಿಯಿರಿ. ಚೆಸ್ಟ್‌ನಟ್ ಮರದ ತುಂಡುಗಳನ್ನು ನಿಲ್ಲಿಸಿ ನೆಲಕ್ಕೆ ಹಾಸಿದ್ದಾರೆ. ಮಳೆಯಲ್ಲಿ ಜಾರುತ್ತದೆ, ಹುಷಾರು. ಓಣಿ ತಕಾಯ್ ಕೋಜಾನ್ ಮನೆಗೆ ತಲುಪಿಸುತ್ತದೆ. ಈಗ ಅದು ಸ್ಮಾರಕ ಮ್ಯೂಸಿಯಂ. ಕೋಜಾನ್ ವಯಸ್ಸಾದ ಮೇಲೆ ಬರೆದ ದೆವ್ವ–ಭೂತಗಳ ಚಿತ್ರ ನೋಡಿ, ಮಜಾ ಇವೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ಮಧ್ಯಾಹ್ನದ ಸಾಕೆಯ ಕಥೆ ಅರ್ಧವೇ ಸಿಕ್ಕಂತೆ.

ದಾರಿಯಲ್ಲಿ ಕೆಲವು ಮನೆಗಳ ಮುಂದೆ 'ತೋಟಕ್ಕೆ ಸ್ವಾಗತ' ಅನ್ನುವ ಫಲಕ ಕಾಣುತ್ತದೆ. 2000ನೇ ಇಸವಿಯಿಂದ ಊರಿನವರು ತಮ್ಮ ಕೈತೋಟಗಳನ್ನು ಬಂದವರಿಗೆಲ್ಲ ತೆರೆದಿಟ್ಟಿದ್ದಾರೆ. ದುಡ್ಡಿಲ್ಲ. ಒಳಗೆ ಹೋಗಬಹುದು, ದಾಟಿಕೊಂಡು ಆ ಕಡೆಯ ರಸ್ತೆಗೂ ಹೋಗಬಹುದು. ಗಿಡ ಮುಟ್ಟಬೇಡಿ, ಮನೆಯ ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ.

ಹಂತ 5: ಕುಡಿಯುವ ಮೊದಲು ಊಟ

ಖಾಲಿ ಹೊಟ್ಟೆಯಲ್ಲಿ ರುಚಿ ನೋಡಬೇಡಿ. ಊರಿನ ವಿಶೇಷ 'ಕುರಿ ಒಕೊವಾ', ಅಂಟಕ್ಕಿಯಲ್ಲಿ ಚೆಸ್ಟ್‌ನಟ್ ಹಾಕಿ ಹಬೆಯಲ್ಲಿ ಬೇಯಿಸಿದ ಅನ್ನ. ನಾಗಾನೊದ ಸೋಬಾ, ಅಂದರೆ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ಶಾವಿಗೆಯೂ ಎಲ್ಲ ಕಡೆ ಸಿಗುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಜಪಾನ್‌ನಲ್ಲಿ ಮಾಂಸ ಕಾಣದ ತಟ್ಟೆಯಲ್ಲೂ 'ದಾಶಿ' ಇರುತ್ತದೆ. ಒಣಮೀನು ಕುದಿಸಿದ ತಿಳಿಸಾರು ಅದು. ಸೋಬಾ ಅದ್ದುವ ಸಾಸ್‌ನಲ್ಲಿ, ಮಿಸೊ ಸೂಪ್‌ನಲ್ಲಿ, ಬೇಯಿಸಿದ ತರಕಾರಿಯಲ್ಲಿ ಎಲ್ಲದರಲ್ಲೂ. "ನಾನು ವೆಜಿಟೇರಿಯನ್" ಅಂದರೆ ಸಾಲದು. "ನಿಕು ನಾಶಿ, ಸಕಾನಾ ನಾಶಿ, ದಾಶಿ ಮೊ ನಾಶಿ" ಅನ್ನಿ. ಮಾಂಸ ಬೇಡ, ಮೀನು ಬೇಡ, ದಾಶಿಯೂ ಬೇಡ ಅಂತ ಅರ್ಥ. ನಂಬಿಕೆ ಬಾರದಿದ್ದರೆ ನಾಗಾನೊದಲ್ಲೇ ಏನಾದರೂ ಕಟ್ಟಿಸಿಕೊಂಡು ಬನ್ನಿ. ಸಿಹಿಯಲ್ಲಿ ಚಿಂತೆ ಕಡಿಮೆ. 'ಕುರಿ ಯೋಕಾನ್' ಚೆಸ್ಟ್‌ನಟ್, ಸಕ್ಕರೆ ಮತ್ತು ಕಡಲಪಾಚಿಯ ಅಗರ್‌ನಿಂದ ಮಾಡಿದ ಬರ್ಫಿ. ಅದರಲ್ಲಿ ಜೆಲಾಟಿನ್ ಹಾಕುವ ಪದ್ಧತಿ ಇಲ್ಲ.

ಊಟದ ಜೊತೆ ಖಾರ, ಬೆಳ್ಳುಳ್ಳಿ ಜಾಸ್ತಿ ಬೇಡ. ಊರಿಂದ ತಂದ ಉಪ್ಪಿನಕಾಯಿ ಡಬ್ಬಿಯನ್ನು ಇವತ್ತು ರಾತ್ರಿಗೆ ಇಟ್ಟುಕೊಳ್ಳಿ. ನಾಲಿಗೆಗೆ ಒಮ್ಮೆ ಖಾರ ಹತ್ತಿದರೆ ಸಾಕೆಯ ಸೂಕ್ಷ್ಮ ಏನೂ ತಿಳಿಯುವುದಿಲ್ಲ.

ಹಂತ 6: ಕೌಂಟರ್‌ಗೆ ಹೋಗುವ ಮೊದಲು ಗೊತ್ತಿರಬೇಕಾದ ಪದಗಳು

ಜಪಾನ್‌ನಲ್ಲಿ 'ಸಾಕೆ' ಅಂದರೆ ಯಾವುದೇ ಮದ್ಯ ಆಗಬಹುದು. ನಿಮಗೆ ಬೇಕಾದದ್ದು 'ನಿಹೊನ್‌ಶು'. ಅದನ್ನು ಬಟ್ಟಿ ಇಳಿಸುವುದಿಲ್ಲ, ಹುದುಗಿಸುತ್ತಾರೆ. ಬೇಯಿಸಿದ ಅಕ್ಕಿಯ ಮೇಲೆ 'ಕೋಜಿ' ಎಂಬ ಬೂಷ್ಟು ಬೆಳೆಸುತ್ತಾರೆ. ಅದು ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಅದೇ ತೊಟ್ಟಿಯಲ್ಲಿ ಅದೇ ಹೊತ್ತಿಗೆ ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಎರಡೂ ಕೆಲಸ ಒಟ್ಟಿಗೆ ನಡೆಯುವುದರಿಂದಲೇ ಹುದುಗಿಸಿದ್ದು ಮಾತ್ರದಿಂದ 18–20 ಶೇಕಡಾ ತನಕ ಏರುತ್ತದೆ. ಆಮೇಲೆ ನೀರು ಬೆರೆಸಿ 15–16ಕ್ಕೆ ಇಳಿಸುತ್ತಾರೆ. ನೀರು ಬೆರೆಸದ್ದು 'ಗೆನ್‌ಶು'. ಅದರ ಲೋಟ ಬಂದಾಗ ಜಾಗ್ರತೆ. ಚೆನ್ನಾಗಿ ಬೆಳೆದ ಕೋಜಿಗೆ ಚೆಸ್ಟ್‌ನಟ್ ವಾಸನೆ ಇರುತ್ತದೆ ಅಂತ ಸಾಕೆ ಮಾಡುವವರೇ ಹೇಳುತ್ತಾರೆ. ಒಬುಸೆಗೆ ಇದಕ್ಕಿಂತ ಒಪ್ಪುವ ಮಾತಿಲ್ಲ.

ಲೇಬಲ್‌ನಲ್ಲಿ ಮುಖ್ಯವಾದ ಅಂಕಿ 'ಸೇಮಾಯ್‌ಬುಆಯ್'. ಪಾಲಿಶ್ ಮಾಡಿದ ಮೇಲೆ ಅಕ್ಕಿಕಾಳಿನ ಎಷ್ಟು ಪಾಲು ಉಳಿಯಿತು ಅನ್ನುವ ಲೆಕ್ಕ ಇದು. ತಪ್ಪು ತಿಳಿಯುವುದು ಇಲ್ಲೇ: 60 ಅಂದರೆ 60 ಭಾಗ ಉಜ್ಜಿ ತೆಗೆದದ್ದಲ್ಲ, 60 ಭಾಗ ಉಳಿದದ್ದು. 60 ಅಥವಾ ಕಡಿಮೆ ಇದ್ದರೆ 'ಗಿಂಜೊ'. 50 ಅಥವಾ ಕಡಿಮೆ ಇದ್ದರೆ 'ದಾಯ್‌ಗಿಂಜೊ'. ಅಕ್ಕಿ, ಕೋಜಿ, ನೀರು ಬಿಟ್ಟು ಬೇರೇನೂ ಹಾಕದಿದ್ದರೆ ಹೆಸರಿನಲ್ಲಿ 'ಜುನ್‌ಮಾಯ್' ಇರುತ್ತದೆ. ಉಳಿದವಕ್ಕೆ ಸ್ವಲ್ಪ ಬಟ್ಟಿ ಇಳಿಸಿದ ಆಲ್ಕೋಹಾಲ್ ಸೇರಿಸಿರುತ್ತಾರೆ. ಇದು ಕಲಬೆರಕೆ ಅಲ್ಲ, ಘಮ ಬಿಡಿಸುವುದಕ್ಕೆ ಮಾಡುವ ಉಪಾಯ. ಜುನ್‌ಮಾಯ್ ಮಾತ್ರ ಶ್ರೇಷ್ಠ ಅಂತ ಹಟ ಹಿಡಿಯಬೇಡಿ. ದಾಯ್‌ಗಿಂಜೊ ದುಬಾರಿ, ಆದ್ದರಿಂದ ಅದೇ ಒಳ್ಳೆಯದು ಅನ್ನುವುದೂ ಬೇಡ. ಊಟದ ಜೊತೆಗೆ ಸಾದಾ ಜುನ್‌ಮಾಯ್ ಎಷ್ಟೋ ಸಲ ಅದನ್ನು ಮೀರಿಸುತ್ತದೆ.

ಇನ್ನುಳಿದವು ಸುಲಭ. 'ಕರಾಕುಚಿ' ಅಂದರೆ ಸಿಹಿ ಕಡಿಮೆ, 'ಅಮಾಕುಚಿ' ಅಂದರೆ ಸಿಹಿ. 'ನಾಮಾ' ಅಂದರೆ ಬಿಸಿ ಮಾಡಿ ಕೆಡದಂತೆ ಮಾಡಿಲ್ಲದ್ದು, ಫ್ರಿಜ್ಜಿನಲ್ಲೇ ಇರಬೇಕು. 'ನಿಗೊರಿ' ಮೋಡದಂತೆ ಬಿಳಿಯಾಗಿರುತ್ತದೆ. 'ಹಿಯಾ' ಅಂತ ಕೇಳಿದರೆ ತಣ್ಣಗಿನದು ಬರುತ್ತದೆ ಅಂದುಕೊಳ್ಳಬೇಡಿ, ಅದು ಕೋಣೆಯ ಉಷ್ಣತೆಯದು. ತಣ್ಣಗೆ ಬೇಕಿದ್ದರೆ 'ರೇಶು'. ಉಗುರುಬೆಚ್ಚಗೆ, ಸುಮಾರು 40 ಡಿಗ್ರಿಗೆ, 'ನುರುಕಾನ್'. 50ರ ಸುಮಾರಿಗೆ 'ಅತ್ಸುಕಾನ್'.

ನಾಗಾನೊ ಲೇಬಲ್‌ಗಳಲ್ಲಿ 'ಮಿಯಾಮಾ ನಿಶಿಕಿ' ಎಂಬ ಅಕ್ಕಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಚಳಿ ಪ್ರದೇಶಕ್ಕೆಂದೇ ಇಲ್ಲಿ ಬೆಳೆಸಿದ ತಳಿ. '7ನೇ ನಂಬರ್ ಯೀಸ್ಟ್' ಅಂತ ಬರೆದಿದ್ದರೆ ಅದೂ ಈ ಪ್ರಾಂತ್ಯದ್ದೇ. 1946ರಲ್ಲಿ ಸುವಾ ಪಟ್ಟಣದ 'ಮಾಸುಮಿ' ಸಾಕೆಯ ತೊಟ್ಟಿಯಿಂದ ಬೇರ್ಪಡಿಸಿದ್ದು. ಈಗ ಜಪಾನ್ ತುಂಬ ಬಳಕೆಯಲ್ಲಿದೆ.

ಹಂತ 7: ರುಚಿ ನೋಡುವುದು

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಮಸುಇಚಿ ಇಚಿಮುರಾ ಅಂಗಡಿಗೆ ಬನ್ನಿ. 1755ರಲ್ಲಿ ಶುರುವಾದದ್ದು, ಕೋಜಾನ್‌ನ ಮನೆತನದ್ದೇ. ಸೂರಿನಡಿ ನೇತುಹಾಕಿರುವ ದೊಡ್ಡ ಚೆಂಡು ನೋಡಿ. ಅದು 'ಸುಗಿದಾಮಾ', ಸುಗಿ ಮರದ ಎಲೆಗಳನ್ನು ಕಟ್ಟಿ ಮಾಡಿದ್ದು. ಹೊಸ ಸಾಕೆ ಬಂದಾಗ ಹಸಿರು ಚೆಂಡು ಕಟ್ಟುತ್ತಾರೆ. ಎಲೆ ಒಣಗಿ ಕಂದಾದಷ್ಟೂ ಒಳಗಿನ ಸಾಕೆ ಪಕ್ವವಾಗಿದೆ ಅಂತ ಲೆಕ್ಕ. ಒಳಗೆ 'ತೆಪ್ಪಾ' ಎಂಬ ಕೌಂಟರ್ ಇದೆ. ಲೋಟದ ಲೆಕ್ಕದಲ್ಲಿ ದುಡ್ಡು ಕೊಟ್ಟು ರುಚಿ ನೋಡಬಹುದು. ಇಲ್ಲಿ ಕೇಳಬೇಕಾದದ್ದು 'ಕಿಒಕೆ', ಅಂದರೆ ಮರದ ತೊಟ್ಟಿಯಲ್ಲಿ ಹುದುಗಿಸಿದ ಸಾಕೆ. ಎರಡನೇ ಮಹಾಯುದ್ಧದ ನಂತರ ಎಲ್ಲ ಕಡೆ ಲೋಹದ ಟ್ಯಾಂಕ್ ಬಂದು ಮರದ ತೊಟ್ಟಿ ಮೂಲೆಗೆ ಬಿತ್ತು. ಇಲ್ಲಿ 2000ದ ಹೊತ್ತಿಗೆ ಮತ್ತೆ ಶುರು ಮಾಡಿದರು. ಆ ಕೆಲಸದ ಮುಂದಾಳು ಈ ಊರಿಗೆ ಬಂದು ನೆಲೆಸಿದ ಅಮೆರಿಕದ ಸಾರಾ ಮೇರಿ ಕಮಿಂಗ್ಸ್.

ಇನ್ನೂ ಸಮಯ ಇದ್ದರೆ 'ಹೊಕುಶಿನ್‌ರ್ಯೂ' ಮಾಡುವ ಮತ್ಸುಬಾಯಾ ಹೊಂತೆನ್ ಕೂಡ ಇದೇ ಊರಲ್ಲಿದೆ. ಹೆಸರು ಈ ಭಾಗದ ಔತಣಗಳಲ್ಲಿ ಹಾಡು ಹಾಡಿ ಬಟ್ಟಲು ಕೊಡುವ ಸಂಪ್ರದಾಯದ್ದು. ಎರಡು ಜಾಗಕ್ಕಿಂತ ಜಾಸ್ತಿ ಒಂದು ಮಧ್ಯಾಹ್ನಕ್ಕೆ ಬೇಡ.

ಕಾರ್ಖಾನೆಯ ಒಳಗೆ ಹೋಗುವ ಬುಕಿಂಗ್ ಇದ್ದರೆ ಆ ದಿನ 'ನತ್ತೊ' ತಿನ್ನಬೇಡಿ. ಹೋಟೆಲ್ ತಿಂಡಿಯಲ್ಲಿ ಸಿಗುವ ಲೋಳೆಲೋಳೆಯಾದ ಹುದುಗಿಸಿದ ಸೋಯಾಕಾಳು ಅದು. ಅದರ ಬ್ಯಾಕ್ಟೀರಿಯಾ ಗಟ್ಟಿಪಿಂಡ. ಬಟ್ಟೆ, ಕೈಗೆ ಅಂಟಿ ಬಂದು ಕೋಜಿ ಕೆಡಿಸುತ್ತದೆ. ಸೆಂಟ್ ಕೂಡ ಬೇಡ. ಮಲ್ಲಿಗೆ ಮುಡಿದು ಹೋಗಬೇಡಿ ಅಂದರೆ ಬೇಸರ ಆಗಬಹುದು, ಆದರೆ ಕಾರಣ ಅದೇ.

ಈಗ ಲೋಟ ಕೈಗೆ ಬಂತು. ಕ್ರಮ ಹೀಗಿದೆ.

ಮೊದಲು ನೋಡಿ. ರುಚಿ ನೋಡುವ ಬಿಳಿ ಪಿಂಗಾಣಿ ಬಟ್ಟಲಿನ ತಳದಲ್ಲಿ ಎರಡು ನೀಲಿ ಉಂಗುರ ಇರುತ್ತದೆ. ಸುಮ್ನೆ ಅಂದಕ್ಕಲ್ಲ. ನೀಲಿಯ ಅಂಚು ಎಷ್ಟು ಚೊಕ್ಕವಾಗಿ ಕಾಣುತ್ತದೆ ಅನ್ನುವುದರಿಂದ ಸಾಕೆ ಎಷ್ಟು ತಿಳಿಯಾಗಿದೆ ಅಂತ ಗೊತ್ತಾಗುತ್ತದೆ. ಬಿಳಿ ಜಾಗದಲ್ಲಿ ಬಣ್ಣ ತಿಳಿಯುತ್ತದೆ. ಸ್ವಲ್ಪ ಹಳದಿ ಇದ್ದರೆ ಕೆಟ್ಟದ್ದಲ್ಲ, ಸೋಸುವುದು ಕಡಿಮೆ ಅಥವಾ ವಯಸ್ಸು ಜಾಸ್ತಿ ಅಷ್ಟೇ.

ಆಮೇಲೆ ಮೂಗು. ವೈನ್‌ನಂತೆ ಜೋರಾಗಿ ಸುತ್ತಿಸಬೇಕಾಗಿಲ್ಲ. ಗಿಂಜೊದಲ್ಲಿ ಬಾಳೆಹಣ್ಣು, ಸೇಬು, ಕರಬೂಜದ ಘಮ ಬರುತ್ತದೆ. ಹಣ್ಣು ಏನೂ ಹಾಕಿಲ್ಲ, ಯೀಸ್ಟ್‌ನ ಕೆಲಸ. ಜುನ್‌ಮಾಯ್‌ನಲ್ಲಿ ಈಗಷ್ಟೇ ಬೆಂದ ಅನ್ನದ ವಾಸನೆ. 'ಕಿಮೊತೊ', 'ಯಾಮಾಹಾಯ್' ಅಂತ ಬರೆದಿದ್ದರೆ ಮೊಸರಿನ ಹುಳಿ ವಾಸನೆ ಹುಡುಕಿ, ಅವುಗಳಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಾನಾಗಿ ಬೆಳೆಯಲು ಬಿಡುತ್ತಾರೆ. ವರ್ಷಗಟ್ಟಲೆ ಇಟ್ಟ 'ಕೊಶು' ಆದರೆ ಬೆಲ್ಲದ ಪಾಕ ನೆನಪಾಗುತ್ತದೆ.

ಇನ್ನು ಬಾಯಿ. ಒಂದು ಚಮಚದಷ್ಟು ಸಾಕು. ನಾಲಿಗೆ ಪೂರ್ತಿ ಹರಡಿ, ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಳ್ಳಿ. ಸದ್ದಾದರೆ ನಾಚಿಕೆ ಬೇಡ, ಅಲ್ಲಿ ಎಲ್ಲರೂ ಹಾಗೇ. ಮೊದಲು ಸಿಹಿ, ನಡುವೆ ಹುಳಿ, ಕೊನೆಗೆ ಒಗರು ಅಥವಾ ಕಹಿ. ನುಂಗಿದ ಮೇಲೆ ರುಚಿ ತಟ್ಟನೆ ಕಡಿದು ಹೋಗುತ್ತದೋ, ಉಳಿಯುತ್ತದೋ ಗಮನಿಸಿ. ತಟ್ಟನೆ ಹೋಗುವುದಕ್ಕೆ 'ಕಿರೆ' ಅನ್ನುತ್ತಾರೆ, ಅದು ಹೊಗಳಿಕೆ. ಉಗುಳುವ ಪಾತ್ರೆ ಕೇಳಿ ಪಡೆಯಬಹುದು. ಅದು ಅವಮಾನ ಅಲ್ಲ, ಸಾಕೆ ಮಾಡುವವರೂ ಉಗುಳುತ್ತಾರೆ.

ಯಾವುದು ಮೊದಲು? ಹಗುರದಿಂದ ಭಾರಕ್ಕೆ, ತಣ್ಣಗಿನದರಿಂದ ಬಿಸಿಗೆ. ಘಮದ ಗಿಂಜೊ ಮೊದಲು, ಆಮೇಲೆ ಜುನ್‌ಮಾಯ್, ಯಾಮಾಹಾಯ್. ಗೆನ್‌ಶು, ನಿಗೊರಿ, ಕೊಶು ಕೊನೆಗೆ. ನಿಗೊರಿಯಿಂದ ಶುರು ಮಾಡಿದರೆ ಮುಂದಿನದೆಲ್ಲ ನೀರಿನಂತೆ ಅನಿಸುತ್ತದೆ. ಕೊನೆಗೆ ಒಂದು ಪ್ರಯೋಗ ಮಾಡಿ: ಒಂದೇ ಜುನ್‌ಮಾಯ್ ಅನ್ನು ತಣ್ಣಗೆ ಒಂದು, ಉಗುರುಬೆಚ್ಚಗೆ ಒಂದು ಕೇಳಿ. ಎಲ್ಲ ಕಡೆ ಬಿಸಿ ಮಾಡಿಕೊಡುವುದಿಲ್ಲ, ಆದರೆ ಸಿಕ್ಕರೆ ಈ ಒಂದೇ ಜೋಡಿ ಬೇರೆಲ್ಲ ಪಾಠಕ್ಕಿಂತ ಜಾಸ್ತಿ ಕಲಿಸುತ್ತದೆ.

ಪ್ರತಿ ಲೋಟಕ್ಕೂ ಅಷ್ಟೇ ನೀರು ಕುಡಿಯಿರಿ. ಇದಕ್ಕೆ 'ಯವಾರಗಿ ಮಿಜು' ಅಂತ ಹೆಸರೇ ಇದೆ. "ಒಮಿಜು ಕುದಸಾಯ್" ಅಂದರೆ ಸಾಕು. ಸಾಕೆಯ ಅಳತೆ 'ಗೋ', 180 ಮಿಲಿ. ಒಂದು ಗೋ ಸಾಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಲೀಟರ್ ಬಿಯರ್‌ನಷ್ಟು ಆಲ್ಕೋಹಾಲ್ ಇದೆ. ಕುಡಿದದ್ದು ಗೊತ್ತೇ ಆಗುವುದಿಲ್ಲ, ಎದ್ದು ನಿಂತಾಗ ಗೊತ್ತಾಗುತ್ತದೆ. ನಾಲ್ಕೈದು ಚಿಕ್ಕ ಬಟ್ಟಲು ಒಂದು ಮಧ್ಯಾಹ್ನಕ್ಕೆ ಧಾರಾಳ.

ಕೆಲವು ಕಡೆ 'ಮಾಸು' ಎಂಬ ಚೌಕ ಮರದ ಡಬ್ಬಿಯಲ್ಲಿ ಲೋಟ ಇಟ್ಟು, ತುಂಬಿ ಚೆಲ್ಲುವಂತೆ ಸುರಿಯುತ್ತಾರೆ. ಗಾಬರಿ ಬೇಡ, ಬೇಕೆಂದೇ ಚೆಲ್ಲುವುದು. ಮೊದಲು ಬಗ್ಗಿ ಲೋಟದಿಂದ ಒಂದು ಗುಟುಕು, ಆಮೇಲೆ ಲೋಟ ಎತ್ತಿ ಕುಡಿಯಿರಿ. ಡಬ್ಬಿಗೆ ಚೆಲ್ಲಿದ್ದೂ ನಿಮ್ಮದೇ. ಜೊತೆಯವರಿಗೆ ನೀವು ಸುರಿಯಿರಿ, ನಿಮ್ಮದನ್ನು ಅವರು ಸುರಿಯುತ್ತಾರೆ. ಟಿಪ್ಸ್ ಇಡಬೇಡಿ, ಚೌಕಾಸಿಯೂ ಬೇಡ.

ಕುಡಿಯದವರಿಗೆ, ಮಕ್ಕಳಿಗೆ 'ಅಮಾಜಾಕೆ' ಇದೆ. ಸಿಹಿಯಾದ ಅಕ್ಕಿಯ ಪಾನೀಯ. ಆದರೆ ಇದರಲ್ಲಿ ಎರಡು ಬಗೆ. ಕೋಜಿಯಿಂದ ಮಾಡಿದ್ದರಲ್ಲಿ ಆಲ್ಕೋಹಾಲ್ ಇಲ್ಲ. ಸಾಕೆ ಹಿಂಡಿದ ಗಸಿಯಿಂದ, ಅಂದರೆ 'ಕಾಸು'ವಿನಿಂದ ಮಾಡಿದ್ದರಲ್ಲಿ ಸ್ವಲ್ಪ ಇರುತ್ತದೆ. "ಕೋಜಿ ದೆಸುಕಾ, ಕಾಸು ದೆಸುಕಾ?" ಅಂತ ಕೇಳಿ ಕೊಡಿಸಿ.

ಹಂತ 8: ಬಾಟಲಿ ಕೊಳ್ಳುವುದು, ಊರಿಗೆ ತರುವುದು

ಇಷ್ಟವಾದದ್ದರ ಲೇಬಲ್ ಫೋಟೋ ಲೋಟ ಕೈಯಲ್ಲಿರುವಾಗಲೇ ತೆಗೆದುಕೊಳ್ಳಿ, ಪಕ್ಕದಲ್ಲಿ ಎರಡು ಪದ ಬರೆದಿಟ್ಟುಕೊಳ್ಳಿ. ಮೂರನೇ ಬಟ್ಟಲಾದ ಮೇಲೆ ಯಾವುದು ಯಾವುದು ಅಂತ ಯಾರಿಗೂ ನೆನಪಿರುವುದಿಲ್ಲ. 720 ಮಿಲಿ ಬಾಟಲಿ ತರಲು ಸರಿ. 1.8 ಲೀಟರ್‌ನದು ನೋಡಲು ಚಂದ, ಸೂಟ್‌ಕೇಸ್‌ಗೆ ಶತ್ರು. ನಾಮಾ ಬಾಟಲಿ ಊರಿಗೆ ತರಲು ಹೋಗಬೇಡಿ, ದಾರಿಯ ಬಿಸಿಲಿಗೆ ಕೆಡುತ್ತದೆ. ಅದನ್ನು ಅಂದೇ ಹೋಟೆಲ್‌ನಲ್ಲಿ ಮುಗಿಸಿ. ಭಾರತಕ್ಕೆ ಸುಂಕ ಇಲ್ಲದೆ ಒಬ್ಬರಿಗೆ 2 ಲೀಟರ್ ತನಕ ಮದ್ಯ ತರಬಹುದು, ಅಂದರೆ 720ರ ಎರಡು ಬಾಟಲಿ. ಪೇಟೆಯಲ್ಲಿ ಕೊಂಡದ್ದನ್ನು ಕೈಚೀಲದಲ್ಲಿ ವಿಮಾನಕ್ಕೆ ಬಿಡುವುದಿಲ್ಲ. ಪಂಚೆ, ಟವೆಲ್, ಸ್ವೆಟರ್ ಏನಿದೆಯೋ ಅದರಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ದೊಡ್ಡ ಸೂಟ್‌ಕೇಸಿನ ನಡುವೆ ಇಡಿ.

ಮನೆಗೆ ಬಂದ ಮೇಲೆ ಷೋಕೇಸಿನಲ್ಲಿ ಇಡುವುದು ನಮ್ಮಲ್ಲಿ ರೂಢಿ. ಸಾಕೆಗೆ ಬೆಳಕು ಆಗಿಬರುವುದಿಲ್ಲ. ಬಾಟಲಿಗೆ ಪೇಪರ್ ಸುತ್ತಿ, ತಣ್ಣಗಿನ ಕತ್ತಲೆ ಜಾಗದಲ್ಲಿ ನಿಲ್ಲಿಸಿಡಿ. ಮಲಗಿಸಬೇಡಿ. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿಗೆ ಹಾಕಿ ಒಂದೆರಡು ವಾರದಲ್ಲಿ ಖಾಲಿ ಮಾಡಿ.